ಎರವಲು ಕಂಠ

ಫುಲ್ವಿಯೊ ಆಲ್ತಮುರಾ ಪರದೆಯ ಮೇಲೆ ಒಮ್ಮೆ ‘ಪ್ರಿಯೇ’ ಎಂದರೆ ಸಾಕು, ರೋಮ್ ಪಟ್ಟಣದ ಅರ್ಧ ಹೆಂಗಸರ ಕೈಯಿಂದ ಸೌಟು ಜಾರುತ್ತಿತ್ತು. ಉಳಿದರ್ಧ ಹೆಂಗಸರ ಸೌಟು ಜಾರದಿದ್ದುದಕ್ಕೆ ಕಾರಣ, ಅವರು ಆ ಹೊತ್ತಿಗೆ ಅಡುಗೆಮನೆಯಲ್ಲೇ ಇರುತ್ತಿರಲಿಲ್ಲ, ಚಿತ್ರಮಂದಿರದಲ್ಲಿ ಇರುತ್ತಿದ್ದರು. ಆ ದನಿಗೆ ಟೈಬರ್ ನದಿಯ ಸೇತುವೆಗಳೂ ಒಂದು ಗೇಣು ಬಾಗಿದವು ಎಂದು ನಮ್ಮ ಟೆಸ್ಟಾಚೊ ಪೇಟೆಯವರು ಆಣೆ ಮಾಡಿ ಹೇಳುತ್ತಾರೆ. ಟೆಸ್ಟಾಚೊದವರ ಆಣೆಯನ್ನು ಅನುಮಾನಿಸಿದವರು ಯಾರೂ ಇಲ್ಲಿಯವರೆಗೆ ಎಲ್ಲ ಹಲ್ಲುಗಳ ಸಮೇತ ಮನೆ ಸೇರಿಲ್ಲ.

ಆದರೆ ಆ ದನಿ ಫುಲ್ವಿಯೊನದಲ್ಲ. ಅದು ಸೆತ್ತಿಮಿಯೊ ಬ್ರಕಾಲೋನಿಯದು.

ಈ ಸೆತ್ತಿಮಿಯೊ ಕಸಾಯಿಖಾನೆಯ ಹಿಂದಿನ ಬೀದಿಯಲ್ಲಿ, ಬೆಕ್ಕುಗಳೂ ಏದುಸಿರು ಬಿಡುವಷ್ಟು ಎತ್ತರದ ಮಹಡಿಯಲ್ಲಿ ವಾಸವಾಗಿದ್ದ. ಕುಳ್ಳ, ಬೋಳುತಲೆ. ಹೊಟ್ಟೆ ಅವನಿಗಿಂತ ಒಂದು ಕ್ಷಣ ಮುಂಚೆ ಬಾಗಿಲು ದಾಟುತ್ತಿತ್ತು. ಇಂಥವನು ರೊಟ್ಟಿ ಅಂಗಡಿಯ ಸಾಲಿನಲ್ಲಿ ನಿಂತು ‘ಅರ್ಧ ಕಿಲೋ ಕೊಡಿ’ ಎಂದರೆ ಮುಂದಿದ್ದ ಹೆಂಗಸರೆಲ್ಲ ಕೆನ್ನೆ ಕೆಂಪಾಗಿ ತಿರುಗಿ, ಇವನನ್ನು ಕಂಡು, ಇವನ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ಹುಡುಕುತ್ತಿದ್ದರು. ಒರ್ತೆನ್ಸಿಯಾ ಎಂಬ ಹುಡುಗಿ ಮಾತ್ರ ಹುಡುಕಲಿಲ್ಲ. ಬಿದ್ದು ಬಿದ್ದು ನಕ್ಕಳು. ಆಮೇಲೆ ಕಣ್ಣು ಮುಚ್ಚಿಕೊಂಡು, ಇನ್ನೊಂದು ಸಲ ಹೇಳಿ ಅಂದಳು. ಆ ಕಣ್ಣು ಮುಚ್ಚಿಕೊಂಡೇ ಮದುವೆಗೂ ಒಪ್ಪಿದಳು.

ನಮ್ಮ ಸಿನಿಮಾದ ರೀತಿಯೇ ಹಾಗೆ. ಮೊದಲು ಚಿತ್ರ, ಆಮೇಲೆ ಮಾತು. ಚಿತ್ರೀಕರಣದ ಹೊತ್ತಿಗೆ ಬಡಗಿಗಳು ಸುತ್ತಿಗೆ ಬಡಿಯುತ್ತಿರುತ್ತಾರೆ, ನಿರ್ದೇಶಕ ಕಿರುಚುತ್ತಿರುತ್ತಾನೆ, ನಟಿ ಪ್ರೇಮದ ಮಾತಿನ ಜಾಗದಲ್ಲಿ ಮಗ್ಗಿ ಹೇಳಿದರೂ ಯಾರೂ ಕೇಳುವುದಿಲ್ಲ. ಆಮೇಲೆ ಕತ್ತಲ ಕೋಣೆಯೊಂದರಲ್ಲಿ ಕಂಠದಾನದವರು ನಿಂತು, ತುಟಿ ನೋಡಿಕೊಂಡು ಜೀವ ತುಂಬುತ್ತಾರೆ. ಮುಖ ಒಬ್ಬನದು, ಗಂಟಲು ಇನ್ನೊಬ್ಬನದು. ಇದರಲ್ಲಿ ಮೋಸವಿದೆ ಎಂದು ಯಾರಿಗೂ ಅನ್ನಿಸಿದ್ದಿಲ್ಲ.

ಫುಲ್ವಿಯೊನಿಗಂತೂ ಅದಿಲ್ಲದೆ ಗತಿಯೇ ಇರಲಿಲ್ಲ. ಅವನು ಹುಟ್ಟಿದ್ದು ಚೊಚಾರಿಯಾ ಬೆಟ್ಟದ ಕಡೆ, ಕುರಿ ಕಾಯುವವನ ಮಗನಾಗಿ, ರೊಕ್ಕೊ ಚಮ್ಮರೂಕೊ ಎಂಬ ಹೆಸರಿನಲ್ಲಿ. ಮೂಗು ನೋಡಿದರೆ ಹಳೆಯ ಚಕ್ರವರ್ತಿಗಳ ನಾಣ್ಯದ ಮೇಲಿನಿಂದ ಎದ್ದು ಬಂದವನಂತಿದ್ದ. ಬಾಯಿ ತೆರೆದರೆ ಗಂಟಲಲ್ಲಿ ಕಲ್ಲು ಸಿಕ್ಕಿಸಿಕೊಂಡ ಮೇಕೆ. ಮೊದಲ ದಿನವೇ ಕಂಪನಿಯ ಯಜಮಾನ ಕಿವಿ ಮುಚ್ಚಿಕೊಂಡು, ತುಟಿ ಅಲ್ಲಾಡಿಸು ಸಾಕು, ಸದ್ದು ಮಾತ್ರ ಮಾಡಬೇಡ ಎಂದನಂತೆ. ಆ ಮಾತನ್ನು ಫುಲ್ವಿಯೊ ವೇದವಾಕ್ಯದಂತೆ ಪಾಲಿಸಿದ. ಸಮಾರಂಭಗಳಲ್ಲಿ ಮುಗುಳ್ನಕ್ಕು ಪಿಸುಗುಟ್ಟುವುದಷ್ಟೇ. ಪತ್ರಿಕೆಗಳು ಅದನ್ನು ಗಾಂಭೀರ್ಯ ಎಂದು ಬರೆದವು. ಅದು ಗಾಂಭೀರ್ಯವಲ್ಲ, ಭಯ ಎಂದು ತಿಳಿದಿದ್ದವನು ಸೆತ್ತಿಮಿಯೊ ಒಬ್ಬನೇ.

ಹೀಗೆ ಬಿಳಿ ಕೋಟು, ಅಮೃತಶಿಲೆಯ ಮೆಟ್ಟಿಲು, ಗಾಜಿನ ದೀಪಗಳ ನಡುವೆ ವರ್ಷಗಳು ಕಳೆದವು. ಅಷ್ಟರಲ್ಲಿ ಯುದ್ಧ ಬಂದು ಮೆಟ್ಟಿಲನ್ನೂ ದೀಪವನ್ನೂ ನುಂಗಿ ಹೋಯಿತು. ಯುದ್ಧ ಮುಗಿದ ಮೇಲೆ ಉಳಿದ ನಾಯಕನಟರು ಕೋಟುಗಳ ನುಸಿ ಕೊಡವುತ್ತ ಕೂತರು. ಫುಲ್ವಿಯೊ ತನ್ನ ಕೋಟುಗಳನ್ನು ಮಾರಿ ಒಂದು ಕ್ಯಾಮೆರಾ ತಂದ.

ಅಲ್ಲಿಂದ ಮುಂದೆ ಆ ಮನುಷ್ಯ ಮಾಡಿದ್ದನ್ನು ನೋಡಿ ರೋಮಿನ ಕಲ್ಲುಕಂಬಗಳೂ ಕತ್ತು ಹೊರಳಿಸಿದವು. ಫಿಲ್ಮ್ ಸಿಗದ ಕಾಲ. ಮದುವೆಯ ಫೋಟೊ ತೆಗೆಯುವವರ ಬಳಿ ಉಳಿದ ತುಂಡುಗಳನ್ನು ಬೇಡಿ ತಂದು, ಅಂಟಿಸಿ, ಅದರಲ್ಲೇ ಇಡೀ ಚಿತ್ರ ತೆಗೆದ. ವಿದ್ಯುತ್ತು ಇಲ್ಲವೆಂದರೆ ಕ್ಷೌರಿಕನ ಅಂಗಡಿಯಿಂದ ತಂತಿ ಎಳೆದ. ಚಿತ್ರೀಕರಣದ ದೀಪ ಹೊತ್ತಿದಾಗಲೆಲ್ಲ ಅಂಗಡಿ ಕತ್ತಲಾಗಿ ಗಿರಾಕಿಯ ಅರ್ಧ ಗಡ್ಡ ಹಾಗೇ ಉಳಿಯುತ್ತಿತ್ತು. ನಟನಟಿಯರು ಬೇಡ ಎಂದು, ಟ್ರಾಮ್ ಹತ್ತಿ ಜನರ ಮುಖ ದಿಟ್ಟಿಸುತ್ತ ಊರು ಸುತ್ತಿದ. ಹೀಗೆ ದಿಟ್ಟಿಸಿದ್ದಕ್ಕೆ ಸಂತೆಯಲ್ಲಿ ಪಲ್ಲೆಹೂ ಎಂಬ ಮುಳ್ಳುಮೊಗ್ಗಿನ ತರಕಾರಿ ಮಾರುವ ಆನ್ಯೇಸೆ ಎಂಬ ಕಡ್ಡಿಯಂಥ ಹುಡುಗಿ, ಮುಳ್ಳು ಬಿಡಿಸದ ಪಲ್ಲೆಹೂವೊಂದನ್ನು ಗುರಿಯಿಟ್ಟು ಅವನ ಹಣೆಗೇ ಹೊಡೆದಳು. ಹಣೆಯ ರಕ್ತ ಒರೆಸಿಕೊಂಡು ಫುಲ್ವಿಯೊ, ಸಿಕ್ಕಳು ನನ್ನ ಮಗಳು ಎಂದ.

ಮಗಳು ಎಂದರೆ ಅವನ ಮೂರನೆಯ ಚಿತ್ರದ ಮಗಳು. ಈ ಸಲ ಅಪ್ಪನ ಪಾತ್ರ ಅವನದೇ: ಕಸಾಯಿಖಾನೆಯಲ್ಲಿ ಮಾಂಸದ ತೊಡೆ ಹೊರುವ ಹಮಾಲಿ. ಬೆನ್ನು ಮುರಿದು ಕೆಲಸ ಹೋಗಿದೆ. ಮನೆಯಲ್ಲಿ ಹೇಳಲಾರದೆ ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಟವನಂತೆ ಹೊರಟು ನದೀದಂಡೆಯಲ್ಲಿ ಕೂತಿರುತ್ತಾನೆ. ಕೊನೆಗೊಮ್ಮೆ ಮಗಳು ಅಲ್ಲಿಗೆ ಬಂದು ಅವನನ್ನು ನೋಡಿಬಿಡುತ್ತಾಳೆ. ಇಷ್ಟೇ ಕತೆ. ಆ ಪಾತ್ರಕ್ಕಾಗಿ ಫುಲ್ವಿಯೊ ಇಡೀ ಚಳಿಗಾಲ ಹಮಾಲಿಗಳ ಜೊತೆ ಹೆಗಲು ಕೊಟ್ಟ. ಅವನ ಮೈಯ ವಾಸನೆಗೆ ಬೀದಿನಾಯಿಗಳು ಅವನನ್ನು ಮೆರವಣಿಗೆಯಲ್ಲಿ ಮನೆ ತಲುಪಿಸುತ್ತಿದ್ದವು.

ಚಿತ್ರ ತೆಗೆದದ್ದಾಯಿತು. ಕಂಠದಾನಕ್ಕೆ ಸೆತ್ತಿಮಿಯೊನನ್ನು ಕರೆಸಿದರು. ಅವನು ಮೀಸೆಗೆ ಎಣ್ಣೆ ಹಚ್ಚಿ, ಪೇಟೆಯವರಿಗೆಲ್ಲ ಕೈಬೀಸಿ ಹೊರಟ. ಬೇರೆ ಯಾರಿಗೆ ಕಂಠ ಕೊಟ್ಟರೂ ಅದು ಅವನಿಗೆ ಹೊಟ್ಟೆಪಾಡು; ಫುಲ್ವಿಯೊನಿಗೆ ಕೊಟ್ಟರೆ ಮಾತ್ರ ಹಬ್ಬ. ಆ ಮುಖ ಇಲ್ಲದಿದ್ದರೆ ತಾನು ಬರೀ ಕುಳ್ಳ ಎಂಬುದು ಅವನಿಗೆ ಗೊತ್ತಿತ್ತು.

ಮೊದಲ ದಿನವೇ ಎಡವಟ್ಟಾಯಿತು. ಪರದೆಯ ಮೇಲೆ ಹರಿದ ಅಂಗಿ, ಕುರುಚಲು ಗಡ್ಡ, ಕೆಸರು ಮೆತ್ತಿದ ಬೂಟು. ಬಾಯಿಂದ ಹೊರಬಂದದ್ದು ಮಾತ್ರ ಮಕಮಲ್ಲು. ಹಮಾಲಿ ‘ತೂಕ ಜಾಸ್ತಿ ಇದೆ’ ಎಂದರೆ ರಾಣಿಯನ್ನು ನೃತ್ಯಕ್ಕೆ ಕರೆದಂತೆ ಕೇಳುತ್ತಿತ್ತು. ಗಾಜಿನ ಕೋಣೆಯಲ್ಲಿ ಕೂತ ಫುಲ್ವಿಯೊ, ಸ್ವಲ್ಪ ಕೆಡಿಸಿಕೊಂಡು ಬಾ ಮಾರಾಯ ಎಂದು ಪಿಸುಗುಟ್ಟಿದ.

ಸೆತ್ತಿಮಿಯೊ ಗಂಟಲು ಕೆಡಿಸಿಕೊಳ್ಳಲು ಪಟ್ಟ ಪಾಡನ್ನು ಬೇರೆ ಯಾರಾದರೂ ಪಟ್ಟಿದ್ದರೆ ಸತ್ತೇ ಹೋಗುತ್ತಿದ್ದರು. ಹಸಿ ಬೆಳ್ಳುಳ್ಳಿ ಅಗಿದ. ಹುಳಿ ಹಿಡಿದ ವೈನಿನಲ್ಲಿ ಬಾಯಿ ಮುಕ್ಕಳಿಸಿದ. ಉತ್ತರದ ಗಾಳಿ ಬೀಸುವಾಗ ಸೇತುವೆಯ ಮೇಲೆ ಬಾಯಿ ತೆರೆದು ನಿಂತ. ಕಸಾಯಿಖಾನೆಗೆ ಹೋಗಿ ಎತ್ತುಗಳ ಮೇಲೆ ಇದ್ದಬದ್ದ ಬೈಗುಳವನ್ನೆಲ್ಲ ಕಿರುಚಿದ. ಎತ್ತುಗಳು ಮೈಮರೆತು, ಕಣ್ಣು ಅರೆಮುಚ್ಚಿ, ತಾವಾಗಿಯೇ ಕತ್ತಿಯ ಕಡೆ ನಡೆದವು. ಮರುದಿನ ದನಿ ಇನ್ನೂ ನುಣುಪಾಗಿತ್ತು.

ಹೇಗೋ ಏಗಿಕೊಂಡು ನದೀದಂಡೆಯ ದೃಶ್ಯದವರೆಗೆ ಬಂದರು. ಅಲ್ಲಿ ಬಂಡಿ ಪೂರ್ತಿ ನಿಂತಿತು.

ಕಂಠದಾನದ ಕೋಣೆಯಲ್ಲಿ ಚಿತ್ರದ ಒಂದೊಂದು ತುಂಡನ್ನೂ ಎರಡು ತುದಿ ಕೂಡಿಸಿ ಬಳೆಯಂತೆ ಮಾಡಿ ಯಂತ್ರಕ್ಕೆ ಹಾಕುತ್ತಾರೆ. ಅದೇ ತುಂಡು ಸುತ್ತಿ ಸುತ್ತಿ ಬರುತ್ತಲೇ ಇರುತ್ತದೆ, ತುಟಿಗೂ ಮಾತಿಗೂ ತಾಳೆಯಾಗುವವರೆಗೆ. ಆ ದೃಶ್ಯಕ್ಕೆ ಚಿತ್ರಕತೆಯವನು ಬರೆದುಕೊಟ್ಟ ಮಾತು ಹೀಗಿತ್ತು: ‘ಮಗಳೇ, ಮನುಷ್ಯನ ಘನತೆ ಇರುವುದು ಅವನ ಹೆಗಲಿನಲ್ಲಲ್ಲ, ಹೃದಯದಲ್ಲಿ. ಈ ನದಿಯೇ ನನಗೆ ಸಾಕ್ಷಿ.’ ಸೆತ್ತಿಮಿಯೊ ‘ಮಗಳೇ, ಮನುಷ್ಯನ’ ಎನ್ನುವಷ್ಟರಲ್ಲಿ ಪರದೆಯ ಮೇಲಿನ ಬಾಯಿ ಮುಚ್ಚಿಹೋಗಿತ್ತು. ಉಳಿದ ಭಾಷಣ ಬಾಯಿ ಮುಚ್ಚಿದ ಮನುಷ್ಯನ ಹೊಟ್ಟೆಯಿಂದ ಬಂದಂತಾಯಿತು. ಬಳೆ ಮತ್ತೆ ಸುತ್ತಿತು. ಮತ್ತೆ ಅದೇ. ಸೆತ್ತಿಮಿಯೊ ದೀಪ ಹಾಕಿಸಿದ.

“ಫುಲ್ವಿಯೊ, ನೀನು ಇಲ್ಲಿ ಬರೆದಿದ್ದನ್ನ ಹೇಳೇ ಇಲ್ಲ. ಏನು ಹೇಳಿದ್ದೆ?”

ಫುಲ್ವಿಯೊ ಕುರ್ಚಿಯಲ್ಲಿ ಹಿಂದೆ ಸರಿದ. “ಏನೋ ಗೊಣಗಿರ್ತೀನಿ. ಹೆಂಗಿದ್ರೂ ಸದ್ದು ಇರಲ್ವಲ್ಲ ಅಂತ.”

“ಏನು ಗೊಣಗಿದೆ?”

“ನೆನಪಿಲ್ಲ” ಎಂದ ಫುಲ್ವಿಯೊ. ಅವನ ಕಿವಿಗಳು ಬೇಯಿಸಿದ ಸೀಗಡಿಯ ಬಣ್ಣಕ್ಕೆ ತಿರುಗಿದವು.

ಮತ್ತೆ ಚಿತ್ರೀಕರಿಸುವಂತಿರಲಿಲ್ಲ. ನದಿ ಉಕ್ಕಿ ಆ ದಂಡೆಯನ್ನು ಬಳಿದುಕೊಂಡು ಹೋಗಿತ್ತು. ಕಡ್ಡಿಯಂಥ ಆನ್ಯೇಸೆ ಮದುವೆಯಾಗಿ ಈಗ ತುಂಬು ಬಸುರಿ. ಸೆತ್ತಿಮಿಯೊ ಸಂತೆಗೆ ಹೋಗಿ ಅವಳನ್ನೇ ಕೇಳಿದ. ಅವಳು ಪಲ್ಲೆಹೂವಿನ ಸಿಪ್ಪೆ ಕೆರೆಯುತ್ತ ಒಂದಿಷ್ಟು ಯೋಚಿಸಿದಳು.

“ಏನಂದ್ರೋ ಯಾರಿಗೆ ಗೊತ್ತು ಯಜಮಾನ್ರೇ, ಬೆಟ್ಟದೋರ ಮಾತು. ನಂಗೊಂದೂ ಅರ್ಥ ಆಗ್ಲಿಲ್ಲ. ಆದ್ರೆ ಅಳು ಬಂತು. ಅಳೋ ಹಾಗೆ ಹೇಳ್ಕೊಟ್ಟಿರ್ಲಿಲ್ಲ, ತಾನಾಗೇ ಬಂತು.”

ಚಿತ್ರದಲ್ಲಿ ಅವಳ ಅಳುವನ್ನು ಸೆತ್ತಿಮಿಯೊ ನೋಡಿದ್ದ. ಇಟಲಿಯ ನಟಿಯರೆಲ್ಲ ಒಟ್ಟುಗೂಡಿ ಈರುಳ್ಳಿ ಹೆಚ್ಚಿದರೂ ಅಂಥ ಒಂದು ಹನಿ ಬೀಳುತ್ತಿರಲಿಲ್ಲ. ಆ ಹನಿಯ ಮೇಲೆ ‘ಮನುಷ್ಯನ ಘನತೆ’ ಸುರಿದರೆ ಚಿತ್ರ ಹಾಳು ಎಂಬುದು ಅವನಿಗೆ ಗೊತ್ತಾಗಿಹೋಯಿತು. ಹಾಗೆ ಗೊತ್ತಾದದ್ದು ಅವನಿಗೆ ಇಷ್ಟವಾಗಲಿಲ್ಲ.

ಮಧ್ಯಾಹ್ನ ಮನೆಯಲ್ಲಿ ಒರ್ತೆನ್ಸಿಯಾ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಸೆತ್ತಿಮಿಯೊ ಅವಳೆದುರು ಕೂತು ಸದ್ದಿಲ್ಲದೆ ತುಟಿ ಆಡಿಸತೊಡಗಿದ. ಫುಲ್ವಿಯೊನ ತುಟಿ ಅವನಿಗೆ ತನ್ನ ತುಟಿಗಿಂತ ಚೆನ್ನಾಗಿ ಬರುತ್ತಿತ್ತು. ಅವಳು ಮೊದಲು ಗಂಡನಿಗೆ ಹುಚ್ಚು ಹಿಡಿಯಿತೆಂದುಕೊಂಡಳು, ಆಮೇಲೆ ಸುಲಿಯುವುದನ್ನು ನಿಲ್ಲಿಸಿ ನೋಡಿದಳು. ಅವಳ ತಾಯಿ ಚೊಚಾರಿಯಾದವಳು.

“ಇದು ನಮ್ಮಜ್ಜಿ ಮನೆ ಮಾತು ಕಣ್ರೀ” ಎಂದಳು. “ಇನ್ನೊಂದ್ಸಲ ಮಾಡಿ.” ಅವನು ಮಾಡಿದ. ಅವಳು ಅಜ್ಜಿಯ ಮಾತಿನಲ್ಲೇ, ಮೆಲ್ಲಗೆ, ಅದನ್ನು ಬಾಯಿಬಿಟ್ಟು ಹೇಳಿದಳು: “ನಿಮ್ಮವ್ವಗ ಹೇಳಬ್ಯಾಡವ್ವಾ. ನೀ ಉಂಡಿಯೇನು?”

ಆಮೇಲೆ ಸೆತ್ತಿಮಿಯೊ ಆ ಮಾತನ್ನು ತನ್ನ ದನಿಯಲ್ಲಿ ಹೇಳಿ ನೋಡಿದ. ಒರ್ತೆನ್ಸಿಯಾ ಅಭ್ಯಾಸಬಲದಿಂದ ಕಣ್ಣು ಮುಚ್ಚಿಕೊಂಡಳು, ಹಾಗೇ ತಲೆ ಅಲ್ಲಾಡಿಸಿದಳು.

“ನೀವು ಈ ದನೀಲಿ ಉಂಡಿಯೇನು ಅಂತ ಕೇಳಿದ್ರೆ, ನಾನು ಹೋಗಿ ಲೋಲಾಕು ಹಾಕ್ಕೊಂಡು ಬಂದು ಉತ್ತರ ಕೊಡ್ಬೇಕಾಗುತ್ತೆ.”

“ಹಾಗಾದ್ರೆ ಯಾರು ಹೇಳ್ಬೇಕು?”

“ಹೇಳಿದೋನೇ ಹೇಳ್ಬೇಕು.”

ಸೆತ್ತಿಮಿಯೊ ಅಂದು ಊಟ ಬಿಟ್ಟ. ಎತ್ತಿನ ಬಾಲದ ಮಾಂಸದ ಸಾರನ್ನು ತಟ್ಟೆಯಲ್ಲಿ ಬಿಟ್ಟೆದ್ದ ಮನುಷ್ಯನನ್ನು ಟೆಸ್ಟಾಚೊ ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಅವನಿಗೆ ಲೆಕ್ಕ ಸ್ಪಷ್ಟವಾಗಿತ್ತು. ಒಂದೇ ಬಾಯಲ್ಲಿ ಎರಡು ದನಿ ಇರಲಾಗದು. ನದೀದಂಡೆಯ ಮಾತನ್ನು ಫುಲ್ವಿಯೊ ಹೇಳಿದರೆ ಉಳಿದ ಎಲ್ಲ ಮಾತನ್ನೂ ಅವನೇ ಹೇಳಬೇಕು. ಈ ಚಿತ್ರದಲ್ಲಿ ಸೆತ್ತಿಮಿಯೊ ಇರುವುದಿಲ್ಲ. ಒಮ್ಮೆ ರೋಮಿನವರು ಆ ಮುಖದ ನಿಜವಾದ ದನಿ ಕೇಳಿದರೆಂದರೆ ಮುಂದೆಯೂ ಇರುವುದಿಲ್ಲ. ರೊಟ್ಟಿ ಅಂಗಡಿಯಲ್ಲಿ ಇನ್ನು ಯಾರೂ ತಿರುಗಿ ನೋಡುವುದಿಲ್ಲ. ಹಾಗೆಂದು ಸುಮ್ಮನಿದ್ದರೆ ಚಿತ್ರ ಮಕಮಲ್ಲಿನಲ್ಲಿ ಮುಳುಗುತ್ತದೆ. ಫುಲ್ವಿಯೊ ತಾನಾಗಿ ಬಾಯಿ ತೆರೆಯುವ ಆಸಾಮಿಯೂ ಅಲ್ಲ.

ಮರುದಿನ ಸೆತ್ತಿಮಿಯೊ ಎಲ್ಲರಿಗಿಂತ ಮೊದಲೇ ಹೋಗಿ, ಧ್ವನಿಯಂತ್ರ ನೋಡಿಕೊಳ್ಳುವ ಗಾಸ್ಪರೆಯ ಕಿವಿಯಲ್ಲಿ ಒಂದು ಮಾತು ಹೇಳಿದ: ಆಕಾಶವೇ ಕಳಚಿಬಿದ್ದರೂ ಯಂತ್ರ ನಿಲ್ಲಿಸಬೇಡ. ಗಾಸ್ಪರೆ ಹೂಂ ಎಂದ. ದೀಪ ಆರಿತು. ಬಳೆ ಸುತ್ತತೊಡಗಿತು. ನದಿ, ದಂಡೆ, ಕುರುಚಲು ಗಡ್ಡದ ಮುಖ, ಎದುರಿಗೆ ಹುಡುಗಿ. ತುಟಿ ಅಲುಗಿದ್ದೇ ತಡ, ಸೆತ್ತಿಮಿಯೊ ಮೂಗು ಹಿಂಡಿಕೊಂಡು, ನಾಟಕದ ಕೋಡಂಗಿ ಹಳ್ಳಿಗನನ್ನು ಅಣಕಿಸುವಂತೆ ಮೇಕೆಯ ದನಿ ತೆಗೆದ: “ನಿಮ್ಮವ್ವಗ ಹೇಳಬ್ಯಾಡವ್ವೋ ಮ್ಯಾ! ಉಂಡಿಯೇನವ್ವೋ ಮ್ಯಾ!”

ಕೋಣೆಯಲ್ಲಿದ್ದವರು ನಕ್ಕರು. ಬಳೆ ಸುತ್ತಿತು. ಸೆತ್ತಿಮಿಯೊ ಇನ್ನೂ ಕೆಟ್ಟದಾಗಿ ಅಣಕಿಸಿದ. ಮೂರನೆಯ ಸುತ್ತಿಗೆ ಗಾಜಿನ ಕೋಣೆಯ ಬಾಗಿಲು ಬಡಿದುಕೊಂಡಿತು. ವರ್ಷಗಟ್ಟಲೆ ಪಿಸುಗುಟ್ಟುತ್ತಿದ್ದ ಮನುಷ್ಯ ಮೆಟ್ಟಿಲಿಳಿದು ಬಂದು ಅವನ ಕೊರಳಪಟ್ಟಿ ಹಿಡಿದ. ಹೊರಬಂದ ದನಿಗೆ ಬೀದಿಯಲ್ಲಿ ಹೋಗುತ್ತಿದ್ದ ಟ್ರಾಮ್ ಹಳಿ ತಪ್ಪಿತೆಂದು ಹೇಳುವವರಿದ್ದಾರೆ.

“ಯಾರು ಹೇಳ್ಯಾರ ನಿನಗ ಅದನ್ನ? ನಗಿಚಾಟಕ್ಕ ಅಂದ ಮಾತಲ್ಲ ಅದು!”

“ಮತ್ತೆ ಹೇಗಪ್ಪ ಹೇಳೋದು? ಮೇಕೆಗಳು ಹೀಗೇ ತಾನೆ ಮಾತಾಡೋದು?” ಎಂದ ಸೆತ್ತಿಮಿಯೊ, ಕೊರಳು ಅವನ ಕೈಯಲ್ಲಿದ್ದಂತೆಯೇ.

ಫುಲ್ವಿಯೊ ಅವನನ್ನು ಪಕ್ಕಕ್ಕೆ ನೂಕಿದ. ಆ ನೂಕು ಅವನಿಗೆ ಸರಿಯಾಗಿ ಮೈಕಿನ ಎದುರಿಗೇ ಜಾಗ ಮಾಡಿಕೊಟ್ಟಿತು. ಅವನು ಪರದೆಯ ಕಡೆಗೂ ನೋಡಲಿಲ್ಲ, ತನ್ನ ಬೂಟು ನೋಡಿಕೊಂಡು ನಿಂತ. “ಹಿಮದಾಗ ಕುರಿ ಎಲ್ಲಾ ಸತ್ತಿದ್ವು. ನಮ್ಮಪ್ಪ ಗ್ವಾಡಿ ಹಿಂದ ಕುಂತಿದ್ದ, ಮನೀಗಿ ಬರಲಾರದ. ಹುಡುಕ್ಕೊಂತ ಹ್ವಾದೆ. ನನ್ನ ಮಾರಿ ನೋಡಲಿಲ್ಲ. ಕಾಲು ನೋಡಿಕೊಂತ ಹಿಂಗಂದ.” ಬಳೆ ಸುತ್ತಿ ಬಂತು. ಪರದೆಯ ಮೇಲಿನ ಮುಖ ತಲೆ ತಗ್ಗಿಸಿತು. ಕೋಣೆಯಲ್ಲಿದ್ದ ಮನುಷ್ಯನೂ ತಲೆ ತಗ್ಗಿಸಿದ್ದ.

“ನಿಮ್ಮವ್ವಗ ಹೇಳಬ್ಯಾಡವ್ವಾ. ನೀ ಉಂಡಿಯೇನು?”

ತುಟಿಗೂ ಮಾತಿಗೂ ನಡುವೆ ಒಂದು ಕೂದಲು ತೂರಿಸಲೂ ಜಾಗವಿರಲಿಲ್ಲ. ನಕ್ಕವರು ಈಗ ತಂತಮ್ಮ ಕಾಲು ನೋಡಿಕೊಳ್ಳುತ್ತಿದ್ದರು. ಬಳೆ ಇನ್ನೊಮ್ಮೆ ಸುತ್ತಿ ಬಂತು. ಈ ಸಲ ಪರದೆಯ ಮೇಲೆ ತುಟಿ ಸುಮ್ಮನೆ ಅಲುಗಿತು, ಆದರೂ ಎಲ್ಲರಿಗೂ ಕೇಳಿಸಿತು.

ದನಿ ಮುದ್ರಿಸಿಕೊಳ್ಳುತ್ತಲೇ ಇದ್ದ ಯಂತ್ರದ ಕೆಂಪು ದೀಪವನ್ನು ಫುಲ್ವಿಯೊ ಕಂಡದ್ದು ಆಮೇಲೆ. ಅಳಿಸಿಬಿಡು ಎಂದು ಗಾಸ್ಪರೆಗೆ ಹೇಳಿದ. ಗಾಸ್ಪರೆ ಕಿವುಡನಂತೆ ಸೆತ್ತಿಮಿಯೊನ ಕಡೆ ನೋಡಿದ.

“ಅಳಿಸ್ಬೇಡ” ಎಂದ ಸೆತ್ತಿಮಿಯೊ.

“ಜನ ನಗ್ತಾರೆ ಕಣೋ.”

“ನಗ್ಲಿ. ನೀನು ಊರೋರ್ನೆಲ್ಲ ಮೇಕಪ್ ಇಲ್ದೆ ನಿಲ್ಲಿಸ್ದೆ. ಆನ್ಯೇಸೆಗೆ ಹರಿದ ಚಪ್ಪಲೀನೇ ಹಾಕಿಸ್ದೆ. ನಿನ್ನ ಗಂಟ್ಲಿಗೆ ಮಾತ್ರ ಇನ್ನೂ ಬಿಳಿ ಕೋಟು ಹಾಕಿಟ್ಟಿದೀಯ. ಆ ಕೋಟು ನಾನೇ.”

ಫುಲ್ವಿಯೊ ಅವನ ಕೊರಳಪಟ್ಟಿಯ ಸುಕ್ಕು ಸರಿಮಾಡಿದ. “ಮತ್ತೆ ನೀನು?”

“ನಾನು ನಿಂಗೆ ಮೈಕ್ ಮುಂದೆ ಉಸಿರಾಡೋದು ಹೇಳ್ಕೊಡ್ತೀನಿ. ಗೂಳಿ ಥರ ಬುಸುಗುಡ್ತೀಯ.”

ಮುಂದಿನ ದಿನಗಳಲ್ಲಿ ಆ ಕೋಣೆಯಿಂದ ಕೇಳಿಬಂದ ಬೈಗುಳಕ್ಕೆ ಪಕ್ಕದ ಚರ್ಚಿನ ಪಾದ್ರಿ ಕಿಟಕಿಗೆ ಹಲಗೆ ಹೊಡೆಸಿದ. ಬೈದದ್ದೆಲ್ಲ ಸೆತ್ತಿಮಿಯೊ, ಅದೂ ಮಕಮಲ್ಲಿನ ದನಿಯಲ್ಲಿ. ಬೈಸಿಕೊಂಡವನು ಶಾಲೆಯ ಹುಡುಗನಂತೆ ಕೈಕಟ್ಟಿ ನಿಂತು ಕೇಳಿದ. ಇಟಲಿಯ ಅತಿ ಸುಂದರ ಮೂಗಿನ ಮನುಷ್ಯ, ಎರಡು ಚಿತ್ರಗಳನ್ನು ಗೆಲ್ಲಿಸಿದ ನಿರ್ದೇಶಕ, ಒಬ್ಬ ಕುಳ್ಳನ ಎದುರು ತನ್ನ ಸ್ವಂತ ಬಾಯಿಂದ ಮಾತಾಡುವುದನ್ನು ಮೊದಲಿನಿಂದ ಕಲಿತ. ಅದು ಎಲ್ಲರಿಂದ ಆಗುವ ಕೆಲಸವಲ್ಲ.

ಚಿತ್ರ ಟೆಸ್ಟಾಚೊದ ಚಿತ್ರಮಂದಿರಕ್ಕೆ ಬಂದ ದಿನ ಪೇಟೆ ಪೂರ್ತಿ ಖಾಲಿಯಾಗಿತ್ತು. ಕಳ್ಳರೂ ಟಿಕೆಟ್ ತೆಗೆದುಕೊಂಡು ಒಳಗೆ ಕೂತಿದ್ದರು. ಸೆತ್ತಿಮಿಯೊ ಒರ್ತೆನ್ಸಿಯಾಳ ಕೈ ಹಿಡಿದುಕೊಂಡು ಹಿಂದಿನ ಸಾಲಿನಲ್ಲಿದ್ದ. ಫುಲ್ವಿಯೊ ಒಳಗೆ ಬರಲು ಧೈರ್ಯ ಸಾಲದೆ ಹೊರಗೆ ಗೋಡೆಗೆ ಒರಗಿ ಸಿಗರೇಟು ಸುಡುತ್ತಿದ್ದ. ಪರದೆಯ ಮೇಲೆ ಹಮಾಲಿ ಮೊದಲ ಸಲ ಬಾಯಿ ತೆರೆದದ್ದೇ ಹಮಾಲಿಗಳ ಸಾಲು ಗೊಳ್ಳೆಂದಿತು. ಯಾವನೋ ಒಬ್ಬ, ಪಾಪ ಶೀತ ಆಗಿದೆ, ಬಿಸಿನೀರು ಕೊಡ್ರೋ ಎಂದು ಕೂಗಿದ. ಇನ್ನೊಬ್ಬ ‘ಮ್ಯಾ’ ಎಂದ. ಸೆತ್ತಿಮಿಯೊನಿಗೆ ತನ್ನ ಅಂಗಿಯೊಳಗೆ ಬೆವರು ಹರಿಯುವ ಸದ್ದು ಕೇಳಿಸಿತು. ಆ ನಗುವೆಲ್ಲ ಫುಲ್ವಿಯೊನ ಬೆನ್ನ ಮೇಲೆ ಬೀಳಲಿತ್ತು. ಬೀಳುವಂತೆ ಮಾಡಿದವನು ತಾನೇ.

ನಗು ನಿಂತದ್ದು ಯಾವಾಗ ಎಂದು ಯಾರೂ ಗಮನಿಸಲಿಲ್ಲ. ಹಮಾಲಿ ಮನೆಯಲ್ಲಿ ಸುಳ್ಳು ಹೇಳುವಾಗ ಇನ್ನೂ ಅಲ್ಲಲ್ಲಿ ಕಿಸಕ್ಕೆನ್ನುತ್ತಿದ್ದರು. ಬೆಳಿಗ್ಗೆ ಹೊರಟವನು ತಿರುವಿನಲ್ಲಿ ನಿಂತು ಎತ್ತ ಹೋಗಲಿ ಎಂದು ಯೋಚಿಸುವಾಗ ಒಬ್ಬನೂ ಮಿಸುಕಲಿಲ್ಲ. ನದೀದಂಡೆ ಬಂತು. ಹುಡುಗಿ ಬಂದಳು. ಆ ಗೊರಗೊರ ದನಿ ಕೇಳಿತು. ಟೆಸ್ಟಾಚೊದ ಜನಕ್ಕೆ ಬೆಟ್ಟದ ಮಾತು ಅರ್ಥವಾಗುವುದಿಲ್ಲ, ಅರ್ಥವಾದರೂ ಒಪ್ಪಿಕೊಳ್ಳುವುದಿಲ್ಲ. ಅಂದು ಮಾತ್ರ ‘ಮ್ಯಾ’ ಎಂದಿದ್ದ ಹಮಾಲಿ ಮುಂದಿನ ಕುರ್ಚಿಗೆ ಹಣೆ ಆನಿಸಿ ಕೂತುಬಿಟ್ಟ. ಜನ ಹೊರಗೆ ಬಂದಾಗ ಗೋಡೆಗೆ ಒರಗಿದ್ದ ಫುಲ್ವಿಯೊನನ್ನು ಯಾರೂ ಹೆಗಲ ಮೇಲೆ ಹೊತ್ತು ಕುಣಿಯಲಿಲ್ಲ. ಎದುರಿಗೆ ಬಂದವರೆಲ್ಲ ಟೋಪಿ ತೆಗೆದು, ‘ಊಟ ಆಯ್ತಾ ಮೇಷ್ಟ್ರೇ?’ ಎಂದು ಕೇಳಿಕೊಂಡು ಹೋದರು. ಆ ರಾತ್ರಿ ಅವನು ಎಷ್ಟು ಮನೆಗಳಲ್ಲಿ ಉಣ್ಣಬೇಕಾಯಿತೆಂದರೆ ಮರುದಿನ ಅವನ ಯಾವ ಶರಾಯಿಯ ಗುಂಡಿಯೂ ಕೂಡಲಿಲ್ಲ.

ಆ ದನಿ ಆಮೇಲೆ ಸಮುದ್ರ ದಾಟಿತು. ಫುಲ್ವಿಯೊ ಬೇಕಾದಷ್ಟು ಚಿತ್ರ ತೆಗೆದ, ನಟಿಸಿದ. ಹೋದಲ್ಲೆಲ್ಲ ಗಟ್ಟಿಯಾಗಿ ಮಾತಾಡಿದ. ಬಹುಮಾನ ಕೊಡುವವರು ಕಿವಿಯಿಂದ ಬೆರಳು ತೆಗೆದು ಚಪ್ಪಾಳೆ ತಟ್ಟಿದರು. ಎದುರುಗಡೆ ಸಿಕ್ಕ ಮುಖವನ್ನು ಹಾಗೇ ಎತ್ತಿ ಪರದೆಗೆ ಹಾಕುವ ಅವನ ಚಟ ಮಾತ್ರ ಬಿಡಲಿಲ್ಲ. ಮುಂದಿನ ಚಿತ್ರದಲ್ಲಿ ಅವನಿಗೆ ವೈನ್ ಪೀಪಾಯಿ ಸಾಗಿಸುವ ಕುಳ್ಳ, ಬೋಳುತಲೆಯ ಗಾಡಿಯವನೊಬ್ಬ ಬೇಕಾಗಿದ್ದ. ರೋಮಿನಲ್ಲೆಲ್ಲ ಹುಡುಕಿ ಸುಸ್ತಾದವನಂತೆ ನಟಿಸಿ, ಸೆತ್ತಿಮಿಯೊನ ಬಾಗಿಲು ತಟ್ಟಿದ.

ಹೀಗೆ ಸೆತ್ತಿಮಿಯೊನ ಮುಖ ಮೊದಲ ಸಲ ಪರದೆಯ ಮೇಲೆ ಬಂತು. ಆದರೆ ಆ ಗಾಡಿಯವನು ಮಕಮಲ್ಲಿನ ದನಿಯಲ್ಲಿ ಕುದುರೆಗೆ ಬೈದರೆ ಯಾವ ಕುದುರೆ ನಂಬುತ್ತದೆ? ಅವನಿಗೆ ಕಂಠದಾನ ಮಾಡಿದವನು ಫುಲ್ವಿಯೊ. ತನ್ನ ಬೋಳುತಲೆಯೊಳಗಿಂದ ಮೇಕೆಯ ದನಿ ಹೊರಡುವುದನ್ನು ಸೆತ್ತಿಮಿಯೊ ಬಾಯಿ ತೆರೆದು ನೋಡಿದ. ಪಕ್ಕದಲ್ಲಿ ಒರ್ತೆನ್ಸಿಯಾ, ರೊಟ್ಟಿ ಅಂಗಡಿಯಲ್ಲಿ ನಕ್ಕಂತೆಯೇ ನಕ್ಕಳು. ಆದರೆ ಕಣ್ಣು ಮುಚ್ಚಲಿಲ್ಲ. ಗಾಡಿ ಪರದೆಯಿಂದ ಮರೆಯಾಗುವವರೆಗೂ ರೆಪ್ಪೆ ಮಿಟುಕಿಸದೆ ನೋಡಿದಳು.

ಮನೆಗೆ ಬಂದು ಸೆತ್ತಿಮಿಯೊ ಒಲೆಯ ಮೇಲಿದ್ದ ಕಡಲೆಯ ಸಾರು ಬಿಸಿಮಾಡಿದ. ಸೌಟು ಹಿಡಿದು ತಿರುಗಿ, ತನ್ನ ಸ್ವಂತ ದನಿಯಲ್ಲಿ ಕೇಳಿದ, “ನೀ ಉಂಡಿಯೇನು?”

ಒರ್ತೆನ್ಸಿಯಾ ಒಳಗೆ ಹೋದಳು. ಮದುವೆಯ ಲೋಲಾಕು ಹಾಕಿಕೊಂಡು ಬಂದು, ಮೇಜಿನೆದುರು ಕೂತು, ಕಣ್ಣು ಬಿಟ್ಟುಕೊಂಡೇ ಹೇಳಿದಳು, “ಇಲ್ಲ. ಬಡಿಸಿ.”